ಶುಗರ್ ನಾರ್ಮಲ್ ಇದ್ದರೂ ಇನ್ಸುಲಿನ್ ಜಾಸ್ತಿ ಇದೆಯಾ? ನೋಡಿಕೊಳ್ಳುವುದು ಹೀಗೆ

ನಮ್ಮ ಮಂಡ್ಯ ಕಡೆ ಫಾಸ್ಟಿಂಗ್ ಶುಗರ್ ನಾರ್ಮಲ್ ಅಂತ ಬಂದರೆ ರಿಪೋರ್ಟ್ ಬೀರು ಸೇರುತ್ತದೆ. ಅಷ್ಟಕ್ಕೇ ಬಿಡಬೇಡಿ. ಎಷ್ಟೋ ಜನರಲ್ಲಿ ಶುಗರ್ ಏರುವುದಕ್ಕೆ ವರ್ಷಗಳ ಮೊದಲೇ ಶುಗರ್ ಇಳಿಸುವ ಹಾರ್ಮೋನ್ ಆದ ಇನ್ಸುಲಿನ್ ಏರಿರುತ್ತದೆ. ಲಿವರ್, ಸ್ನಾಯುಗಳು ಇನ್ಸುಲಿನ್ ಮಾತು ಕೇಳದೆ ಹೋದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಟ್ಟು ಶುಗರನ್ನು ಹೇಗೋ ಹಿಡಿದಿಟ್ಟಿರುತ್ತದೆ, ಅಷ್ಟರಲ್ಲಿ ಒಳಗೆ ಲಿವರ್‌ಗೆ ಕೊಬ್ಬು ಸೇರಿ, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ ಏರಿ, ಬಿಪಿಯೂ ಶುರುವಾಗಿರಬಹುದು. ಟ್ರೈಗ್ಲಿಸರೈಡ್, ಬಿಪಿ ಏರುವುದರ ಹಿಂದೆ ಇರುವುದು ಇನ್ಸುಲಿನ್ ಕೆಲಸ ಮಾಡದಿರುವುದೇ ಅಂತ ಅಮೆರಿಕದ ವೈದ್ಯ ಜೆರಾಲ್ಡ್ ರೀವನ್ 1988ರಲ್ಲೇ ಹೇಳಿದ್ದರು.

ಮೊದಲು ಟೇಪ್ ಹಿಡಿದು ಸೊಂಟ ಅಳೆಯಿರಿ. ಉಸಿರು ಎಳೆದುಕೊಳ್ಳಬೇಡಿ. ನಮ್ಮ ಮೈಕಟ್ಟಿಗೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಆಮೇಲೆ ರಿಪೋರ್ಟ್ ನೋಡಿ: ಟ್ರೈಗ್ಲಿಸರೈಡ್ 150 ಅಥವಾ ಜಾಸ್ತಿ, ಒಳ್ಳೇ ಕೊಲೆಸ್ಟರಾಲ್ ಅನ್ನುವ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕಡಿಮೆ, ಬಿಪಿ 130/85 ಮುಟ್ಟಿರುವುದು, ಫಾಸ್ಟಿಂಗ್ ಶುಗರ್ 100 ಮುಟ್ಟಿರುವುದು. ಸೊಂಟವೂ ಸೇರಿ ಈ ಐದರಲ್ಲಿ ಮೂರು ಇದ್ದರೆ ಅದೇ ಮೆಟಬಾಲಿಕ್ ಸಿಂಡ್ರೋಮ್. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ? ಎಷ್ಟು ಉಜ್ಜಿದರೂ ಹೋಗದ ಆ ಕಪ್ಪು ಕೊಳೆ ಅಲ್ಲ, ಹೆಚ್ಚಾಗಿ ಇನ್ಸುಲಿನ್ ಜಾಸ್ತಿ ಇರುವುದರದ್ದೇ ಗುರುತು. ಮಕ್ಕಳಲ್ಲಿ ಕಂಡರೂ ಡಾಕ್ಟರಿಗೆ ತೋರಿಸಿ.

ಡಾಕ್ಟರ್ ಮಾಡಿಸಿ ಅಂತ ಹೇಳಿದರೆ ಶುಗರ್ ಜೊತೆಗೇ ಫಾಸ್ಟಿಂಗ್ ಇನ್ಸುಲಿನ್ ಮಾಡಿಸಿ. ಎರಡನ್ನೂ ಗುಣಿಸಿ 405ರಿಂದ ಭಾಗಿಸಿದರೆ ಮೈ ಇನ್ಸುಲಿನ್ ಮಾತು ಎಷ್ಟು ಕೇಳುತ್ತಿಲ್ಲ ಅಂತ ತೋರಿಸುವ ಹೋಮಾ ಅಂಕಿ ಸಿಗುತ್ತದೆ. ಶುಗರ್ 95, ಇನ್ಸುಲಿನ್ 18 ಅಂದುಕೊಳ್ಳಿ, ಉತ್ತರ 4.2. ಶುಗರ್ ಒಂದೇ ನೋಡಿದ್ದರೆ ಎಲ್ಲ ಸರಿ ಇದೆ ಅನ್ನಿಸುತ್ತಿತ್ತು, ಆದರೆ ಇದು ಜಾಸ್ತಿಯೇ.

ಇನ್ನು ಊಟ. ಮುದ್ದೆ ಬಿಡಿ ಅಂತ ನಾನು ಹೇಳುವುದಿಲ್ಲ, ಆದರೆ ರಾಗಿಯಲ್ಲೂ ಇರುವುದು ಬಹುಪಾಲು ಪಿಷ್ಟವೇ, ಎರಡು ದೊಡ್ಡ ಮುದ್ದೆ ತಿಂದು ಮೇಲೆ ಅನ್ನ ಹಾಕಿಸಿಕೊಂಡರೆ ಏನು ಪ್ರಯೋಜನ? ಒಂದು ಸಣ್ಣ ಮುದ್ದೆ, ಜೊತೆಗೆ ತಟ್ಟೆ ತುಂಬ ಬಸ್ಸಾರಿನ ಪಲ್ಯ, ಹುರುಳಿಕಾಳು ಅಥವಾ ಮೊಟ್ಟೆ. ಪಲ್ಯ, ಕಾಳು ಮೊದಲು ತಿನ್ನಿ, ಮುದ್ದೆ ಆಮೇಲೆ. ಬೆಲ್ಲ ಒಳ್ಳೇದು ಅನ್ನುವ ನಂಬಿಕೆ ಕಬ್ಬು ಬೆಳೆಯುವ ನಮ್ಮಲ್ಲಿ ಗಟ್ಟಿಯಾಗಿದೆ, ಆದರೆ ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ. ಕಬ್ಬಿನಹಾಲೂ ಅಷ್ಟೇ. ದಿನಕ್ಕೆ ನಾಲ್ಕೈದು ಸಲ ಸಿಹಿ ಕಾಫಿ, ಜೊತೆಗೆ ಬಿಸ್ಕತ್ತು ಅಂದರೆ ಇನ್ಸುಲಿನ್ ಇಳಿಯೋಕೆ ಸಮಯವೇ ಸಿಗಲ್ಲ ಅಲ್ವಾ?

ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ಮೈಸೂರಿನ ಕುಕ್ಕರಹಳ್ಳಿ ಕೆರೆಗೇ ಹೋಗಬೇಕು ಅಂತಿಲ್ಲ, ಮನೆ ಮುಂದಿನ ರಸ್ತೆ ಸಾಕು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ವಾರಕ್ಕೆ ಎರಡು ಮೂರು ದಿನ ಬಸ್ಕಿ ಹೊಡೆಯಿರಿ.

ಈಗಾಗಲೇ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬೇಡಿ, ಶುಗರ್ ತೀರಾ ಕೆಳಗಿಳಿದು ಜೀವಕ್ಕೇ ಅಪಾಯ ಆಗಬಹುದು. ಇಂಜೆಕ್ಷನ್ನನ್ನಂತೂ ಯಾರೋ ಹೇಳಿದರು ಅಂತ ಸುಮ್ನೆ ನಿಲ್ಲಿಸಲೇಬೇಡಿ.