ವಿಲ್ ಜೊತೆಗಿನ ಪಟ್ಟಿ, ಚೀಟಿ, ತಿದ್ದುಪಡಿ: ಯಾವುದು ಊರ್ಜಿತ?

ಬೀರುವಿನಲ್ಲಿ ವಿಲ್ ಒಂದೇ ಇರುವುದು ಅಪರೂಪ. ಜೊತೆಗೆ ಪಿನ್ ಹೊಡೆದ ಒಡವೆ ಪಟ್ಟಿ ಇರುತ್ತದೆ, ಆಮೇಲೆ ಬರೆದ ಚೀಟಿ ಇರುತ್ತದೆ, ಅಂಚಿನಲ್ಲಿ ಪೆನ್ನಿನ ತಿದ್ದುಪಡಿ ಇರುತ್ತದೆ. ಹಿಂದೂ, ಜೈನ, ಕ್ರೈಸ್ತರ ಮಟ್ಟಿಗೆ ಇವುಗಳಲ್ಲಿ ಯಾವುದು ಊರ್ಜಿತ ಎಂಬುದನ್ನು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. (ಮುಸ್ಲಿಮರ ವಸೀಯತ್ತಿಗೆ ಅವರ ವೈಯಕ್ತಿಕ ಕಾನೂನು ಬೇರೆಯೇ ಇದೆ.)

ಮೂಲ ವಿಲ್‌ಗೆ ಬಿಳಿ ಹಾಳೆ ಸಾಕು. ಸ್ಟಾಂಪ್ ಪೇಪರ್ ಬೇಡ, ನೋಂದಣಿಯೂ ಕಡ್ಡಾಯವಲ್ಲ. ತಪ್ಪಬಾರದ್ದು 63ನೇ ಕಲಮಿನ ಸಹಿಗಳು: ಬರೆಸಿದವರದು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿಗಳದು. ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕುವುದನ್ನು ಪ್ರತಿ ಸಾಕ್ಷಿಯೂ ಕಂಡಿರಬೇಕು, ಇಲ್ಲವೇ "ಇದು ನನ್ನದೇ ಸಹಿ" ಎಂದು ಅವರಿಂದಲೇ ತಿಳಿದಿರಬೇಕು. ಆಮೇಲೆ ಅವರ ಎದುರಿಗೇ ತಾವೂ ಸಹಿ ಮಾಡಬೇಕು. ಬಿಕ್ಕಲಂದಾರರ (ವಿಲ್ ಬರೆದುಕೊಟ್ಟವರ) ಸಹಿಯನ್ನು ಎರಡನೇ ಸಾಕ್ಷಿಯದೆಂದು ಎಣಿಸಬೇಡಿ. ಬರೆದುಕೊಟ್ಟದ್ದಕ್ಕೆ ಹಾಕಿದ ಸಹಿ ಬೇರೆ, ಸಾಕ್ಷಿಯಾಗಿ ಹಾಕಿದ ಸಹಿ ಬೇರೆ.

ಹೆಚ್ಚು ಎಡವಟ್ಟಾಗುವುದು ಪಟ್ಟಿಯಲ್ಲಿ. 64ನೇ ಕಲಮಿನಂತೆ ಬೇರೆ ಕಾಗದ ವಿಲ್‌ನ ಭಾಗವಾಗಬೇಕಾದರೆ ವಿಲ್‌ನಲ್ಲಿ ಅದರ ಉಲ್ಲೇಖ ಇರಬೇಕು, ಆ ಹೊತ್ತಿಗೆ ಅದು ಬರೆದು ಮುಗಿದೂ ಇರಬೇಕು. "ಮುಂದೆ ನಾನು ಬರೆದಿಡುವ ಪಟ್ಟಿಯಂತೆ ಒಡವೆ ಹಂಚಿಕೊಳ್ಳಿ" ಎಂಬ ಸಾಲು ನಿಲ್ಲುವುದಿಲ್ಲ, ಏಕೆಂದರೆ ಪಟ್ಟಿ ಆಗ ಹುಟ್ಟಿಯೇ ಇಲ್ಲ. ಹೀಗೆ ಬರೆಯಿರಿ: "12-03-2025ರಂದು ನಾನು ಬರೆದು ಸಹಿ ಹಾಕಿರುವ, 2 ಪುಟಗಳ 'ಅನುಬಂಧ ಅ' ಈ ವಿಲ್‌ನ ಭಾಗ." ಪಟ್ಟಿಯೊಳಗೆ "ಸರ ಮಗಳಿಗೆ" ಎಂದರೆ ಜಗಳಕ್ಕೆ ದಾರಿ; "ಎರಡೆಳೆ ಅವಲಕ್ಕಿ ಸರ, 40 ಗ್ರಾಂ, ಹಿರಿಯ ಮಗಳಿಗೆ" ಎಂದಿರಲಿ. ಪ್ರತಿ ಪುಟಕ್ಕೂ ಎಲ್ಲರ ಸಹಿ ಹಾಕಿಸಿ. ಕಾನೂನು ಕೇಳದಿದ್ದರೂ, ಪುಟ ಬದಲಾಯಿಸಿದ್ದಾರೆ ಎನ್ನುವವರ ಬಾಯಿ ಕಟ್ಟುತ್ತದೆ.

ಸಹಿಯಾದ ಮೇಲೆ "ತಮ್ಮನಿಗೆ" ಎಂಬುದನ್ನು ಗೆರೆ ಎಳೆದು "ಅಣ್ಣನಿಗೆ" ಎಂದು ಬರೆದರೆ ತಮ್ಮನ ಪಾಲು ಹಾಗೇ ಉಳಿಯುತ್ತದೆ. ತಿದ್ದುಪಡಿ ನಿಲ್ಲಬೇಕಾದರೆ ಅದರ ಪಕ್ಕದಲ್ಲಿ ಬರೆಸಿದವರೂ ಸಾಕ್ಷಿಗಳೂ ಮತ್ತೆ ಸಹಿ ಮಾಡಬೇಕು (71ನೇ ಕಲಮು). ಇದಕ್ಕಿಂತ ಕೋಡಿಸಿಲ್, ಅಂದರೆ ಪೂರಕ ವಿಲ್ ಬರೆಸುವುದು ಮೇಲು. ಅದೂ ವಿಲ್‌ನ ಭಾಗವೇ, ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಎರಡು ಮೂರು ಕೋಡಿಸಿಲ್ ಆದವೆಂದರೆ ಹೊಸ ವಿಲ್ ಬರೆಸಿ, "ಹಿಂದಿನ ಎಲ್ಲ ವಿಲ್ ಮತ್ತು ಕೋಡಿಸಿಲ್ ರದ್ದು" ಎಂಬ ಸಾಲು ಸೇರಿಸಿ. ಮೊಬೈಲ್ ವಿಡಿಯೊ, ವಾಟ್ಸಾಪ್ ಸಂದೇಶ ವಿಲ್ ಆಗುವುದಿಲ್ಲ.

ಆಸ್ತಿ ಪಡೆಯುವವರನ್ನೇ ಸಾಕ್ಷಿಯಾಗಿ ಕೂರಿಸಬೇಡಿ. ಕ್ರೈಸ್ತರಲ್ಲಿ 67ನೇ ಕಲಮಿನಂತೆ ಆ ಸಾಕ್ಷಿಗಾಗಲಿ ಅವರ ಗಂಡ ಅಥವಾ ಹೆಂಡತಿಗಾಗಲಿ ಬರೆದ ಪಾಲು ಬಿದ್ದುಹೋಗುತ್ತದೆ. ಹಿಂದೂಗಳಿಗೆ ಆ ಕಲಮು ಅನ್ವಯಿಸದಿದ್ದರೂ ಅನುಮಾನ ತಪ್ಪದು. ನಿಮಗಿಂತ ಚಿಕ್ಕವರೂ ಆರೋಗ್ಯವಂತರೂ ಆದ ಸಾಕ್ಷಿಗಳನ್ನು ಆರಿಸಿ. ನೋಂದಣಿಯಾದ ವಿಲ್ಲನ್ನೂ ಕೋರ್ಟಿನಲ್ಲಿ ರುಜುವಾತುಪಡಿಸಲು, ಸಾಕ್ಷಿಗಳು ಬದುಕಿದ್ದರೆ, ಒಬ್ಬರನ್ನಾದರೂ ಕರೆಸಲೇಬೇಕಾಗುತ್ತದೆ.