ಮಗು ಜೊತೆ ಊರಿಗೆ ಹೊರಟಾಗ ಬಟ್ಟೆ ಡೈಪರ್: ಒಣಗೋ ಲೆಕ್ಕ ಮೊದಲು ಹಾಕಿ

ಮಗು ಕರ್ಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಹೊರಡೋವಾಗ ನಮ್ಮ ತುಮಕೂರು ಕಡೆ ಹುಡುಗೀರು ಕೇಳೋದು ಒಂದೇ ಪ್ರಶ್ನೆ, ಆಂಟಿ ಬಟ್ಟೆ ಡೈಪರ್ ಎಷ್ಟು ಇಟ್ಕೊಳ್ಳಲಿ ಅಂತ. ಎಷ್ಟು ಅನ್ನೋದು ಆಮೇಲೆ ಕಣಮ್ಮ, ಹೋಗೋ ಊರಲ್ಲಿ ಒಗೆದಿದ್ದು ಎಷ್ಟೊತ್ತಿಗೆ ಒಣಗುತ್ತೆ ಅಂತ ಮೊದಲು ಯೋಚನೆ ಮಾಡು. ನಮ್ಮಲ್ಲಿ ಮಾರ್ಚ್ ಏಪ್ರಿಲ್ ಬಿಸಿಲಿಗೆ ತಾರಸಿ ಮೇಲೆ ಹಾಕಿದ ಪಂಚೆ ತುಂಡು ಅಡುಗೆ ಮುಗಿಯೋಷ್ಟರಲ್ಲಿ ಗರಿಗರಿ ಆಗಿರುತ್ತೆ, ಹಾಗಂತ ಅದೇ ಲೆಕ್ಕ ಹಿಡ್ಕೊಂಡು ಚಾರ್ಮಾಡಿನೋ ಶಿರಾಡಿನೋ ಇಳಿದ್ರೆ ಕೆಳಗಡೆ ಗಾಳಿನೇ ಬೇರೆ, ಅದ್ರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇಳೋದೇ ಬೇಡ, ಎರಡು ದಿನ ನೇತು ಹಾಕಿದ್ರೂ ಡೈಪರ್ ಒಳಗೆ ಉಚ್ಚೆ ಹೀರೋಕೆ ಇಡೋ ದಪ್ಪ ಇನ್ಸರ್ಟ್ ಮುಟ್ಟಿದ್ರೆ ಒಳಗೆ ತಣ್ಣಗೇ ಇರುತ್ತೆ, ಅದನ್ನ ಮಗುಗೆ ಕಟ್ಟೋ ಹಾಗಿಲ್ಲ.

ಅದಕ್ಕೇ ನಾನು ಹೇಳೋದು, ದಪ್ಪ ಡೈಪರ್ ಮನೇಲೇ ಇರ್ಲಿ ಅಂತ. ಒಳಗಿನ ಪದರ ಹೊರಗಿನ ಕವರ್ ಎಲ್ಲಾ ಸೇರಿಸಿ ಒಂದಾಗಿ ಹೊಲಿದಿರ್ತಾರಲ್ಲ, ಅದು ಹಾಕೋಕೆ ಸುಲಭ, ಒಣಗಿಸೋಕೆ ಮಾತ್ರ ಪ್ರಾಣ ತಿನ್ನುತ್ತೆ. ಜೇಬಿನ ಹಾಗೆ ಒಳಗೆ ಇನ್ಸರ್ಟ್ ತೂರಿಸೋ ಪಾಕೆಟ್ ಥರದ್ದಾದ್ರೆ ಪರ್ವಾಗಿಲ್ಲ, ಇನ್ಸರ್ಟ್ ಹೊರಗೆಳೆದು ಬೇರೆ ಬೇರೆ ಹಾಕಬಹುದು. ಆದ್ರೆ ಎಲ್ಲಕ್ಕಿಂತ ವಾಸಿ ಅಂದ್ರೆ ತಾತಂದೋ ಮಾವಂದೋ ಉಟ್ಟು ಸವೆದ ಹಳೇ ಪಂಚೆ. ನಾಲ್ಕು ಮೀಟರ್ ಉದ್ದದ ಪಂಚೆ ಸುಮಾರು ಒಂದೂಕಾಲು ಮೀಟರ್ ಅಗಲ ಇರುತ್ತೆ, ಎರಡಡಿ ಚೌಕ ಹರಿದ್ರೆ 12 ತುಂಡು ಆಗುತ್ತೆ. ಅದನ್ನ ಉದ್ದಕ್ಕೆ ಮಡಚಿ ಡೈಪರ್ ಕವರ್ ಒಳಗೆ ಇಟ್ರೆ ಅದೇ ಇನ್ಸರ್ಟು, ಗಂಡುಮಗು ಆದ್ರೆ ಮುಂದುಗಡೆ ಒಂದು ಮಡಿಕೆ ಜಾಸ್ತಿ, ಹೆಣ್ಣುಮಗು ಆದ್ರೆ ಮಧ್ಯಕ್ಕೆ. ಒಗೆದು ಬಿಡಿಸಿ ಹಾಕಿದ್ರೆ ಬರೀ ಒಂದು ಪದರ, ಫ್ಯಾನ್ ಗಾಳಿಗೂ ಒಣಗುತ್ತೆ. ಹೊಸ ಪಂಚೆ ಹರಿಯೋಕೆ ಹೋಗ್ಬೇಡಿ, ಅದರಲ್ಲಿ ಗಂಜಿ ಇರುತ್ತೆ, ಉಚ್ಚೆ ಮೇಲೇ ಜಾರಿ ಹೋಗುತ್ತೆ. ಅಂಗಡಿಯಿಂದ ತಂದ ಕಾಟನ್, ಬ್ಯಾಂಬೂ ಇನ್ಸರ್ಟಿಗೂ ಇದೇ ಮಾತು, ನಾಲ್ಕೈದು ಸಲ ಒಗೆದ ಮೇಲೇನೇ ಅದು ಚೆನ್ನಾಗಿ ಹೀರೋದು, ಹೊರಡೋ ಹಿಂದಿನ ದಿನ ಬಂದ ಪಾರ್ಸಲ್ ಬಿಚ್ಚಿ ಹಾಗೇ ಕಟ್ಕೊಂಡು ಹೋದ್ರೆ ತಿಪಟೂರು ದಾಟೋಷ್ಟರಲ್ಲಿ ನಿಮ್ಮ ಸೀರೆ ಒದ್ದೆ. ಮೈಕ್ರೋಫೈಬರ್ ಅಂತ ಮೆತ್ತಗೆ ಟವೆಲ್ ಥರ ಇರುತ್ತಲ್ಲ, ಅದು ಚರ್ಮಕ್ಕೆ ನೇರ ತಗಲಬಾರದು, ಮೈಯಲ್ಲಿರೋ ಪಸೆನೂ ಹೀರಿ ಒರಟು ಮಾಡುತ್ತೆ, ಪಾಕೆಟ್ ಒಳಗೇ ಇರ್ಬೇಕು.

ಈಗ ಎಷ್ಟು ಅನ್ನೋದಕ್ಕೆ ಬರ್ತೀನಿ. ಆರು ತಿಂಗಳ ಆಸುಪಾಸಿನ ಮಗುಗೆ ಎರಡು ಮೂರು ಗಂಟೆಗೊಂದು ಬದಲಾಯಿಸಿದ್ರೆ ದಿನಕ್ಕೆ ಎಂಟು ಹತ್ತು ತುಂಡು ಬೇಕು, ಎಳೇ ಕೂಸಾದ್ರೆ ಇನ್ನೂ ಜಾಸ್ತಿ. ಒಣಗೋ ಊರಿಗೆ ಒಂದೂವರೆ ದಿನಕ್ಕಾಗೋಷ್ಟು ಸಾಕು, ಒಣಗದ ಊರಿಗೆ ಪೂರ್ತಿ ಪ್ರವಾಸಕ್ಕಾಗೋಷ್ಟು ತಗೊಳ್ಳಿ, ಪಂಚೆ ತುಂಡು ಏನು ಭಾರ ಇರುತ್ತಾ. ಕವರ್ ಮಾತ್ರ ನಾಲ್ಕಿದ್ರೆ ಧಾರಾಳ. ಬರೀ ಉಚ್ಚೆ ಆಗಿದ್ರೆ ಒಳಗಿನ ತುಂಡು ತೆಗೆದು, ಕವರ್ ಒಳಭಾಗ ಒದ್ದೆ ಬಟ್ಟೆಯಿಂದ ಒರೆಸಿ ಗಾಳಿಗೆ ಬಿಟ್ಟು ಇನ್ನೊಂದು ಕವರ್ ಹಾಕಿ, ಹೀಗೆ ಎರಡನ್ನ ಅದಲು ಬದಲು ಮಾಡ್ತಾ ಇರಿ. ಕಕ್ಕ ತಗಲಿದ್ದು ಮಾತ್ರ ಒಗೆಯದೆ ಮತ್ತೆ ಹಾಕ್ಬೇಡಿ.

ಒದ್ದೆ ಆಗಿದ್ದನ್ನ ಎಲ್ಲಿಡ್ತೀರಿ ಅನ್ನೋದು ಇನ್ನೊಂದು ದೊಡ್ಡ ವಿಷಯ. ಅಂಗಡಿ ಕ್ಯಾರಿಬ್ಯಾಗಲ್ಲಿ ಗಂಟು ಕಟ್ಟಿ ಸೀಟಿನ ಕೆಳಗೆ ತಳ್ಳಿದ್ರೆ ಅರ್ಧ ಗಂಟೆಗೆ ಬಸ್ಸಿನವರೆಲ್ಲಾ ತಿರುಗಿ ನೋಡ್ತಾರೆ. ಒಳಗೆ ನೀರು ಸೋರದ ಲೈನಿಂಗ್ ಇರೋ ಜಿಪ್ ಬ್ಯಾಗ್ ಎರಡು ಇಟ್ಕೊಳ್ಳಿ, ಒಂದು ಉಚ್ಚೆದಕ್ಕೆ ಒಂದು ಕಕ್ಕದ್ದಕ್ಕೆ. ನೀರು ಹಾಕಿ ನೆನೆಸಿಡೋ ಉಪಾಯ ಪ್ರಯಾಣದಲ್ಲಿ ಬೇಡವೇ ಬೇಡ, ವಾಸನೆನೂ ಜಾಸ್ತಿ, ಚೆಲ್ಲಿದ್ರೆ ಮುಗೀತು. ತಾಯಿ ಹಾಲು ಮಾತ್ರ ಕುಡಿಯೋ ಕೂಸಿನ ಕಕ್ಕ ನೀರಲ್ಲಿ ಕರಗಿ ಹೋಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಆರು ತಿಂಗಳಾಗಿ ರಾಗಿ ಸರಿ ಶುರು ಮಾಡಿದ ಮೇಲೆ ಕಥೆ ಬೇರೆ, ಗಟ್ಟಿ ಆಗುತ್ತೆ ವಾಸನೆನೂ ಬರುತ್ತೆ, ಆಗ ಎಲ್ಲದರ ಮೇಲೆ ಒಂದು ಮಲ್‌ಮಲ್ ಬಟ್ಟೆ ತುಂಡು ಹಾಸಿ, ಅದನ್ನಷ್ಟೇ ಎತ್ತಿ ಕಕ್ಕಸಲ್ಲಿ ಕೊಡವಿ ಬ್ಯಾಗಿಗೆ ಹಾಕಿದ್ರೆ ಆಯ್ತು. ರೈಲಲ್ಲಿ ಹೋಗೋರು ಒಂದು ನೆನಪಿಟ್ಕೊಳ್ಳಿ, ಈಗ ಬೋಗಿಗಳಲ್ಲಿ ಬಯೋಟಾಯ್ಲೆಟ್ ಇರೋದು, ಕಕ್ಕ ಕೊಡವಬಹುದು ಆದ್ರೆ ಬಟ್ಟೆ, ಒರೆಸಿದ ವೈಪ್ಸು, ಪ್ಯಾಡು ಅದ್ರೊಳಗೆ ಹಾಕಿದ್ರೆ ಕಟ್ಕೊಂಡು ಇಡೀ ಬೋಗಿಯವರಿಗೆ ತೊಂದ್ರೆ.

ದಾರೀಲಿ ಎಲ್ಲಿ ಬದಲಾಯಿಸೋದು ಅಂತ ಮೊದಲೇ ಗೊತ್ತು ಮಾಡ್ಕೊಳ್ಳಿ. ಅರಸೀಕೆರೆ ಕಡೆಯಿಂದ ಮೂಡಿಗೆರೆ ಆಗಿ ಹೋಗೋರು ಹೇಗಿದ್ರೂ ನೀರುದೋಸೆಗೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸ್ತಾರೆ, ಕುಣಿಗಲ್ ಹಾಸನ ಆಗಿ ಹೋಗೋರು ಸಕಲೇಶಪುರದಲ್ಲಿ ನಿಲ್ಲಿಸ್ತಾರೆ, ಮಗು ಒದ್ದೆ ಆಗಿಲ್ಲ ಅನ್ನಿಸಿದ್ರೂ ಅಲ್ಲೇ ಬದಲಾಯಿಸಿಬಿಡಿ, ಘಾಟಿ ತಿರುವಲ್ಲಿ ಮಗು ಕಾಲೆತ್ತಿ ಕಟ್ಟೋಕೆ ಆಗಲ್ಲ, ನಿಮಗೇ ತಲೆ ಸುತ್ತುತಾ ಇರುತ್ತೆ. ದೊಡ್ಡ ಬಸ್ ಸ್ಟ್ಯಾಂಡ್‌ಗಳಲ್ಲಿ ಹಾಲುಣಿಸೋ ಕೋಣೆ ಇರುತ್ತೆ, ಕೇಳಿ. ಕೈಚೀಲದಲ್ಲಿ ಒಂದು ರಬ್ಬರ್ ಶೀಟು, ಎರಡು ತುಂಡು, ಒಂದು ಕವರು, ಬಾಟಲಲ್ಲಿ ನೀರು, ಒರೆಸೋಕೆ ಮೆತ್ತನೆ ಬಟ್ಟೆ ಇಷ್ಟು ಮೇಲುಗಡೆನೇ ಇರ್ಲಿ, ಎಲ್ಲಾ ಡಿಕ್ಕಿಗೆ ಹಾಕಿ ಆಮೇಲೆ ಡ್ರೈವರ್‌ಗೆ ನಿಲ್ಲಿಸಪ್ಪ ನಿಲ್ಲಿಸಪ್ಪ ಅಂದ್ರೆ ಅವನೇನು ಮಾಡ್ತಾನೆ. ಬೆಂಗಳೂರು ನಮಗೆ ಬರೀ 70 ಕಿಲೋಮೀಟರು ಅಂತ ಸುಮ್ನೆ ಹೊರಡೋರಿಗೂ ಇದೇ ಹೇಳೋದು, ದಾಬಸ್‌ಪೇಟೆ ನೆಲಮಂಗಲದ ಹತ್ರ ಟ್ರಾಫಿಕ್ ಸಿಕ್ಕಾಕ್ಕೊಂಡ್ರೆ ಆ 70 ಎಷ್ಟೊತ್ತು ಅಂತ ಯಾರಿಗೆ ಗೊತ್ತು.

ರೂಮಿಗೆ ಹೋದ ತಕ್ಷಣ ಮಲಗೋ ಮುಂಚೆ ಒಗೆದುಬಿಡಿ. ಮೊದಲು ತಣ್ಣೀರಲ್ಲಿ ಜಾಲಿಸಿ, ಬಿಸಿನೀರು ಮೊದಲೇ ಹಾಕಿದ್ರೆ ಕಕ್ಕದ ಕಲೆ ಅಲ್ಲೇ ಕೂತ್ಕೊಳುತ್ತೆ. ಆಮೇಲೆ ಸೋಪಿನ ಪುಡಿ. ಇಲ್ಲಿ ನಮ್ಮ ಕಡೆಯವರು ಎಡವೋದು ಜಾಸ್ತಿ. ನಲ್ಲೀಲಿ ಹೇಮಾವತಿ ನೀರು ಬರೋ ಮನೆಯವರದು ಬಿಡಿ, ಮಧುಗಿರಿ ಪಾವಗಡ ಕಡೆ ಬೋರ್ ನೀರಿಗೆ ನೊರೆನೇ ಬರಲ್ಲ, ಅದಕ್ಕೆ ಒಂದು ಹಿಡಿ ಪುಡಿ ಸುರಿದು ಸುರಿದು ಕೈ ಅಭ್ಯಾಸ ಆಗಿಬಿಟ್ಟಿರುತ್ತೆ. ಅದೇ ಕೈಯಲ್ಲಿ ಮಲೆನಾಡಲ್ಲೋ ಕರಾವಳೀಲೋ ಆ ಮೆದು ನೀರಿಗೆ ಸುರಿದ್ರೆ ನೊರೆ ಹೋಗೋದೇ ಇಲ್ಲ, ನಾಲ್ಕು ಸಲ ಜಾಲಿಸಿದ್ರೂ ಬಟ್ಟೆ ಒಳಗೆ ಸೋಪು ಉಳ್ಕೊಳುತ್ತೆ, ಮಗು ಉಚ್ಚೆ ಮಾಡಿದಾಗ ಅದು ಕರಗಿ ತೊಡೆ ಸಂದಿ ಎಲ್ಲಾ ಕೆಂಪಗೆ, ಮೂಗಿಗೆ ಹೊಡೆಯೋ ವಾಸನೆ ಬೇರೆ. ಅಲ್ಲಿ ಅರ್ಧಕ್ಕರ್ಧ ಕಮ್ಮಿ ಹಾಕಿ, ಕೊನೇ ನೀರಲ್ಲಿ ನೊರೆ ಕಾಣಬಾರದು. ಊರಿಗೆ ವಾಪಸ್ ಬಂದ ಮೇಲೆ ಬೋರ್ ನೀರಲ್ಲಿ ಒಗೆಯೋರು ಸ್ವಲ್ಪ ವಾಷಿಂಗ್ ಸೋಡಾ ಸೇರಿಸಿ, ನೀರು ಮೆದು ಆಗುತ್ತೆ, ಇಲ್ಲಾಂದ್ರೆ ಸುಣ್ಣದಂಶ ಕೂತ್ಕೊಂಡು ಇನ್ಸರ್ಟ್ ಹಪ್ಪಳದ ಹಾಗೆ ಗಟ್ಟಿ ಆಗಿ ಹೀರೋದು ನಿಲ್ಲಿಸುತ್ತೆ. ಘಮಘಮ ಅನ್ಲಿ ಅಂತ ಕೊನೇಲಿ ಕಂಡೀಷನರ್ ಹಾಕೋರು ದಯವಿಟ್ಟು ಬಿಡಿ, ಅದು ನೂಲಿನ ಮೇಲೆ ಪದರ ಕಟ್ಟುತ್ತೆ, ಬಟ್ಟೆ ಮತ್ತೆ ಹೀರಲ್ಲ. ಡೆಟಾಲ್ ಸುರಿಯೋದೂ ಬೇಡ, ಎಳೇ ಚರ್ಮಕ್ಕೆ ಉರಿ. ಬಿಸಿಲಿಗಿಂತ ಒಳ್ಳೇ ಔಷಧಿ ಬೇಕಾ, ಕಲೆನೂ ತೆಗೆಯುತ್ತೆ. ಪಂಚೆ ತುಂಡನ್ನ ಬೇಕಾದ್ರೆ ಕುದಿಯೋ ನೀರಿಗೂ ಹಾಕಿ, ಆದ್ರೆ ಕವರನ್ನ ಬೇಡ, ಒಳಗಿನ ತೆಳು ಪ್ಲಾಸ್ಟಿಕ್ ಪದರ 60 ಡಿಗ್ರಿ ದಾಟಿದ ನೀರಿಗೆ ಬಿಟ್ಕೊಳ್ಳೋಕೆ ಶುರು ಆಗುತ್ತೆ, ಇಸ್ತ್ರಿ ಅಂತೂ ಮುಟ್ಟಿಸಲೇಬಾರದು.

ಬೇಗ ಒಣಗಿಸೋಕೆ ಒಂದು ಉಪಾಯ. ಹಿಂಡಿದ ತುಂಡನ್ನ ಒಣ ಟವೆಲ್ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ, ಇಬ್ರು ಎರಡು ಕಡೆ ಹಿಡ್ಕೊಂಡು ತಿರುಚಿ, ಯಾರೂ ಇಲ್ಲಾಂದ್ರೆ ಮೇಲೆ ನಿಂತು ತುಳೀರಿ, ಅರ್ಧ ನೀರು ಟವೆಲ್ಲೇ ಕುಡಿದುಬಿಡುತ್ತೆ. ಆಮೇಲೆ ನಿಮ್ಮದೇ ಹಗ್ಗ ಕಟ್ಟಿ ಫ್ಯಾನ್ ಕೆಳಗೆ ಹಾಕಿ, ಹಗ್ಗ ಮತ್ತೆ ಹತ್ತು ಕ್ಲಿಪ್ ಮನೆಯಿಂದಲೇ ತಗೊಂಡು ಹೋಗಿ. ಕವರನ್ನ ಎಲಾಸ್ಟಿಕ್ ಜೋಲೋ ಹಾಗೆ ನೇತು ಹಾಕ್ಬೇಡಿ, ಒದ್ದೆ ಭಾರಕ್ಕೆ ಎಳ್ಕೊಂಡು ತೊಡೆ ಹತ್ರ ಲೂಸ್ ಆಗಿ ಅಲ್ಲಿಂದಲೇ ಸೋರುತ್ತೆ, ಹಗ್ಗದ ಮೇಲೆ ಅಡ್ಡ ಹಾಕಿ. ನೇತ್ರಾವತಿ ಸ್ನಾನಘಟ್ಟಕ್ಕೆ ಹೋಗಿ ಅಲ್ಲೇ ಸೋಪು ಹಾಕಿ ಕುಕ್ಕಿ ಒಗೆಯೋರನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ, ಅದೇ ನೀರಲ್ಲಿ ಪಕ್ಕದಲ್ಲಿ ಜನ ಮುಳುಗು ಹಾಕ್ತಿರ್ತಾರೆ.

ನೆಂಟರ ಮನೆ ಆದ್ರೆ ಇನ್ನೊಂದು ಸೂಕ್ಷ್ಮ. ಅವರ ಮಷೀನಿಗೆ ಹಾಗೇ ತುಂಬಬಾರದು, ಬಚ್ಚಲಲ್ಲಿ ಜಾಲಿಸಿ ಶುದ್ಧ ಮಾಡ್ಕೊಂಡು, ಹಾಕಬಹುದಾ ಅಕ್ಕ ಅಂತ ಒಂದು ಮಾತು ಕೇಳಿ ಹಾಕಿ. ಮಡಿ ಇರೋ ಮನೇಲಿ ಎಲ್ಲಿ ಒಣಗ ಹಾಕೋದು ಅಂತ ಹಿರಿಯರನ್ನೇ ಕೇಳಿ, ಅಜ್ಜಿ ಮಡಿ ಸೀರೆ ಹಾಕೋ ಗಳದ ಮೇಲೆ ನೀವು ಲಂಗೋಟಿ ಹರವಿದ್ರೆ ನಾಮಕರಣಕ್ಕೆ ಬಂದವರೆಲ್ಲಾ ಅದನ್ನೇ ಮಾತಾಡ್ತಾರೆ. ಸಂಜೆ ಮೇಲೆ ಕೂಸಿನ ಬಟ್ಟೆ ಹೊರಗೆ ಬಿಡಬಾರದು ಅಂತ ಹೇಳ್ತಾರೆ, ದೃಷ್ಟಿ ಗಾಳಿ ಅಂತ ನಂಬಿ ಬಿಡಿ ಅದು ನಿಮಗೆ ಬಿಟ್ಟಿದ್ದು, ಇಬ್ಬನಿಗೆ ಮತ್ತೆ ಒದ್ದೆ ಆಗೋದು, ಹುಳಹುಪ್ಪಟೆ ಸೇರ್ಕೊಳ್ಳೋದು ಅಂತೂ ನಿಜ, ಒಳಗೆ ತಗೊಂಡು ಮಡಚೋ ಮುಂಚೆ ಒಂದ್ಸಲ ಕೊಡವಿ.

ಇಷ್ಟೆಲ್ಲಾ ಹೇಳಿದ ಮೇಲೂ ರಾತ್ರಿ ಬಸ್ಸಿಗೆ ಒಂದೋ ಎರಡೋ ಪ್ಯಾಂಪರ್ ಥರದ್ದು ಹಾಕಿದ್ರೆ ನಾನೇನು ಬೈಯಲ್ಲ. ಕತ್ತಲಲ್ಲಿ ಸೀಟ್ ಮೇಲೆ ಒದ್ದಾಡೋದಕ್ಕಿಂತ ತಾಯಿ ಮಗು ಇಬ್ರೂ ನಿದ್ದೆ ಮಾಡ್ಲಿ. ಅದರೊಳಗಿನ ಜೆಲ್ ಹೀರ್ಕೊಂಡು ಒಣಗಿದ ಹಾಗೆ ಕಾಣುತ್ತೆ ಅಂತ ಬೆಳಗಿನವರೆಗೂ ನೋಡದೆ ಬಿಡೋದು ಮಾತ್ರ ತಪ್ಪು. ತೆಗೆದಿದ್ದನ್ನ ಪೇಪರ್‌ನಲ್ಲಿ ಸುತ್ತಿ ಕಸದ ಡಬ್ಬಿಗೇ ಹಾಕಿ, ಕಿಟಕಿಯಿಂದ ಘಾಟಿಗೆ ಎಸೆಯೋದು, ಹೊಳೆ ದಡದಲ್ಲಿ ಬಿಡೋದು ಬೇಡ. ಮಗುಗೆ ಭೇದಿ ಶುರು ಆದ್ರೂ ಅಷ್ಟೇ, ಊರು ಮುಟ್ಟೋವರೆಗೆ ಪ್ಯಾಂಪರ್ ಥರದ್ದನ್ನೇ ಹಾಕಿ, ಬೇಗ ಡಾಕ್ಟರಿಗೆ ತೋರಿಸಿ, ಎಷ್ಟು ಸಲ ಉಚ್ಚೆ ಆಯ್ತು ಅಂತ ಲೆಕ್ಕ ಇಡಿ, ಕೇಳ್ತಾರೆ.

ಚರ್ಮ ಕೆಂಪಾದ್ರೆ ಮೊದಲನೇ ಕೆಲಸ ಬಿಚ್ಚಿ ಗಾಳಿಗೆ ಬಿಡೋದು, ರೂಮಲ್ಲಿ ರಬ್ಬರ್ ಶೀಟ್ ಮೇಲೆ ಹಾಗೇ ಆಡ್ಕೊಂಡಿರ್ಲಿ. ಪೌಡರ್ ಉದುರಿಸ್ಬೇಡಿ, ಉಸಿರಲ್ಲಿ ಹೋಗುತ್ತೆ. ಕೊಬ್ಬರಿ ಎಣ್ಣೆನೋ ಡಾಕ್ಟರ್ ಕೊಟ್ಟ ಕ್ರೀಮೋ ಹಚ್ಚೋದಾದ್ರೆ ಮೇಲೆ ಮಲ್‌ಮಲ್ ತುಂಡು ಹಾಕಿ, ಜಿಡ್ಡು ಇನ್ಸರ್ಟಿಗೆ ಹತ್ತಿದ್ರೆ ಅದೂ ಹೀರೋದು ಬಿಡುತ್ತೆ. ಸಂದಿಯೊಳಗೆಲ್ಲಾ ಗಾಢ ಕೆಂಪಾಗಿ ಸುತ್ತ ಸಣ್ಣ ಸಣ್ಣ ಗುಳ್ಳೆ ಹರಡ್ತಾ ಇದ್ರೆ ಅದು ಫಂಗಸ್ ಇರಬಹುದು, ಎಣ್ಣೆ ಹಚ್ಚಿ ಕೂತ್ರೆ ಹೋಗಲ್ಲ, ಮಕ್ಕಳ ಡಾಕ್ಟರ್ ನೋಡ್ಲಿ.

ವಾಪಸ್ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ರೂ ಆ ಜಿಪ್ ಬ್ಯಾಗ್ ಬಿಚ್ಚಿ, ಇರೋ ತುಂಡೆಲ್ಲಾ ಬರೀ ನೀರಲ್ಲಿ ಜಾಲಿಸಿ ಹರವಿ ಮಲ್ಕೊಳ್ಳಿ, ಸೋಪು ಬೆಳಗ್ಗೆ ನೋಡ್ಕೊಂಡ್ರಾಯ್ತು. ಒಂದು ದಿನಕ್ಕಿಂತ ಜಾಸ್ತಿ ಮುಚ್ಚಿಟ್ರೆ ಬೂಷ್ಟು ಹಿಡಿದು ಕರಿ ಚುಕ್ಕೆ ಬೀಳುತ್ತೆ, ಅದು ಯಾವ ಸೋಪಿಗೂ ಸುಲಭಕ್ಕೆ ಜಗ್ಗಲ್ಲ. ಬ್ಯಾಗನ್ನೂ ಒಳಗು ಹೊರಗು ಮಾಡಿ ಒಗೆದು ಒಣಗಿಸಿ, ಎಲ್ರೂ ಮರೆಯೋದು ಅದನ್ನೇ.