ಹೆಸರು ಹಾಕಿದ ಚೌಕಾಬಾರ: ಹೇಳಿದ ದಿನಕ್ಕೆ ಕೈಗೆ ಕೊಡುವುದು ಹೇಗೆ?

ಮದುವೆ, ಉಪನಯನ, ಗೃಹಪ್ರವೇಶಗಳಲ್ಲಿ ತಾಂಬೂಲದ ಜೊತೆ ಚೌಕಾಬಾರ, ಪಗಡೆ, ಅಳಿಗುಳಿ ಮಣೆ ಕೊಡುವವರು ಈಗ ಇದ್ದಾರೆ. ಆಟದ ಹಾಸಿನ ನಡುಮನೆಯಲ್ಲಿ ವಧೂವರರ ಹೆಸರು, ಪೆಟ್ಟಿಗೆಯ ಮೇಲೆ ಊರಿನ ಗುಡಿಯ ಚಿತ್ರ. ಇಂಥ ಆಟಗಳನ್ನು ಮನೆಯಲ್ಲೋ ಪುಟ್ಟ ಘಟಕದಲ್ಲೋ ಮಾಡಿಕೊಡುವವರಿಗೆ ಗಿರಾಕಿ ಕೇಳುವ ಮೊದಲ ಪ್ರಶ್ನೆ ಬೆಲೆಯದು, ಎರಡನೆಯದು ದಿನಾಂಕದ್ದು. ಬೆಲೆಗೆ ಎಲ್ಲರ ಬಳಿಯೂ ಲೆಕ್ಕವಿರುತ್ತದೆ. ದಿನಾಂಕವನ್ನು ಮಾತ್ರ ಬಾಯಿಗೆ ಬಂದಂತೆ ಹೇಳಿಬಿಡುತ್ತಾರೆ. ಧಾರೆ ಮುಗಿದ ಮರುದಿನ ತಲುಪಿದ ಉಡುಗೊರೆಯನ್ನು ಯಾರಿಗೆ ಕೊಡುವುದು? ಬೆಲೆಯಷ್ಟೇ ಶ್ರದ್ಧೆಯಿಂದ ದಿನಗಳ ಲೆಕ್ಕವನ್ನೂ ಹಾಕಬೇಕು. ಹಾಕುವ ಕ್ರಮ ಹೀಗಿದೆ.

ಕೆಲಸದ ದಿನ ಬೇರೆ, ಕಾಯುವ ದಿನ ಬೇರೆ

ಒಂದು ಹಾಳೆಯಲ್ಲಿ ಆರ್ಡರ್ ಹಿಡಿದ ಗಳಿಗೆಯಿಂದ ಕೊರಿಯರ್‌ನವರ ಕೈಗೆ ಕೊಡುವವರೆಗಿನ ಎಲ್ಲ ಹಂತಗಳನ್ನು ಬರೆಯಿರಿ: ವಿನ್ಯಾಸ, ಪ್ರೂಫ್ (ಗಿರಾಕಿಗೆ ತೋರಿಸುವ ಕರಡು ಪ್ರತಿ), ಒಪ್ಪಿಗೆ, ಮುದ್ರಣ, ಲ್ಯಾಮಿನೇಷನ್, ರಟ್ಟಿಗೆ ಅಂಟಿಸುವುದು, ಕತ್ತರಿಸುವುದು, ಕಾಯಿಗಳು, ಕವಡೆ, ಪೆಟ್ಟಿಗೆ, ಜೋಡಣೆ. ಪ್ರತಿಯೊಂದರ ಮುಂದೆ ಎರಡು ಅಂಕಿ ಇರಲಿ. ಕೈ ಕೆಲಸಕ್ಕೆ ಎಷ್ಟು ಹೊತ್ತು? ಆ ಹಂತಕ್ಕಾಗಿ ಕಾದದ್ದು ಎಷ್ಟು ಹೊತ್ತು? ನೂರು ಹಾಸುಗಳ ಮುದ್ರಣ ಯಂತ್ರದ ಮೇಲೆ ಅರ್ಧ ದಿನವೂ ಹಿಡಿಯುವುದಿಲ್ಲ. ಪ್ರೆಸ್ಸಿನಲ್ಲಿ ಸರದಿ ಬರಲು ವಾರ ಹಿಡಿಯಬಹುದು. ತಡವಾಗುವುದು ಹೆಚ್ಚಾಗಿ ಈ ಎರಡನೆಯ ಅಂಕಿಯಿಂದಲೇ. ರಾತ್ರಿ ನಿದ್ದೆಗೆಟ್ಟು ಕತ್ತರಿಸಿದರೆ ಉಳಿಯುವುದು ಕೆಲವು ಗಂಟೆ. ಪ್ರೆಸ್ಸಿನಲ್ಲಿ ಮೊದಲೇ ದಿನ ಗೊತ್ತು ಮಾಡಿಕೊಂಡರೆ ಉಳಿಯುವುದು ದಿನಗಳು.

ಗಡುವು ಒಪ್ಪಿಗೆಯ ದಿನದಿಂದ

‘ಮೂರು ವಾರದಲ್ಲಿ ಕೊಡುತ್ತೇವೆ’ ಎಂದರೆ ಯಾವತ್ತಿನಿಂದ ಮೂರು ವಾರ? ಗಿರಾಕಿ ಅಡ್ವಾನ್ಸ್ ಕೊಟ್ಟ ದಿನದಿಂದ ಎಣಿಸುತ್ತಾರೆ. ನೀವು ಹೆಸರು, ಚಿತ್ರ ಎಲ್ಲವೂ ಅಂತಿಮವಾದ ದಿನದಿಂದ ಎಣಿಸುತ್ತೀರಿ. ಜಗಳ ಹುಟ್ಟುವುದೇ ಇಲ್ಲಿ. ಅಂತಿಮ ಪ್ರೂಫ್‌ಗೆ ಲಿಖಿತ ಒಪ್ಪಿಗೆ ಬಂದ ದಿನದಿಂದ ಗಡುವು ಶುರು ಎಂದು ರಸೀದಿಯಲ್ಲೇ ನಮೂದಿಸಿ. ಪ್ರೂಫ್ ತಿದ್ದಲು ಎರಡು ಅವಕಾಶ ಸಾಕು. ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ಹೆಣ್ಣಿನ ಕಡೆಯವರು ಒಂದು ತಿದ್ದುಪಡಿ, ಗಂಡಿನ ಕಡೆಯವರು ಇನ್ನೊಂದು ಕಳಿಸತೊಡಗಿದರೆ ಆರ್ಡರ್ ಅಲ್ಲೇ ನಿಲ್ಲುತ್ತದೆ.

ಕನ್ನಡದ ಹೆಸರುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಗಿರಾಕಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್‌ನಲ್ಲಿದ್ದರೂ ವಿನ್ಯಾಸದ ಕೆಲವು ತಂತ್ರಾಂಶಗಳು, ಅದರಲ್ಲೂ ಹಳೆಯವು, ಒತ್ತಕ್ಷರವನ್ನು ಒಡೆದುಬಿಡುತ್ತವೆ: ‘ಲಕ್ಷ್ಮಿ’ ಹೋಗಿ ‘ಲಕ್‌ಷ್‌ಮಿ’ ಆಗುತ್ತದೆ. ಕನ್ನಡ ಬಾರದ ಆಪರೇಟರ್‌ಗೆ ಇದು ತಪ್ಪೆಂದು ತಿಳಿಯುವುದೇ ಇಲ್ಲ. ಆದ್ದರಿಂದ ಹೆಸರುಗಳನ್ನು ಯೂನಿಕೋಡ್‌ನಲ್ಲೇ ತರಿಸಿಕೊಳ್ಳಿ, ವಿನ್ಯಾಸ ಮುಗಿದ ಮೇಲೆ ಅಕ್ಷರಗಳನ್ನು ಫಾಂಟಿನ ಹಂಗಿಲ್ಲದ ರೇಖಾಚಿತ್ರಕ್ಕೆ, ಅಂದರೆ ಕರ್ವ್‌ಗೆ ಬದಲಿಸಿ ಪಿಡಿಎಫ್ ಮಾಡಿ, ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಓದಿಸಿ. ಮೊಬೈಲ್ ಪರದೆಯಲ್ಲಿ ಕಣ್ಣು ತಪ್ಪಿಸಿದ ಒತ್ತು ಕಾಗದದ ಮೇಲೆ ಸಿಕ್ಕಿಬೀಳುತ್ತದೆ. ಫೋಟೊಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಚಿತ್ರವಾಗಿ ಕಳಿಸಿದರೆ ಗಾತ್ರ ಕುಗ್ಗಿ, ಮುದ್ರಿಸಿದಾಗ ಮಸುಕಾಗುತ್ತದೆ. ಮತ್ತೆ ಕೇಳಿ ತರಿಸಿಕೊಳ್ಳುವಷ್ಟರಲ್ಲಿ ಎರಡು ದಿನ ಹೋಗಿರುತ್ತದೆ.

ಹೆಸರು ಕೊನೆಗೆ, ಕಾಯಿ ಮೊದಲಿಗೆ

ನೂರು ಚೌಕಾಬಾರ ಸೆಟ್‌ಗಳಿಗೆ ಎಷ್ಟು ಕಾಯಿ ಬೇಕು? ನಾಲ್ವರು ಆಟಗಾರರಿಗೆ ತಲಾ ನಾಲ್ಕರಂತೆ ಒಂದು ಸೆಟ್‌ಗೆ 16, ಒಟ್ಟು 1,600. ಕವಡೆ 400. ಬಿರುಕು ಬಿಟ್ಟದ್ದು, ಬಣ್ಣ ಹಿಡಿಯದ್ದು ಇರುವುದರಿಂದ ನೂರಕ್ಕೆ ಐದರಂತೆ ಹೆಚ್ಚಿಗೆ ತರಿಸಿದರೆ 1,680 ಕಾಯಿ, 420 ಕವಡೆ. ಈ ಯಾವುದರ ಮೇಲೂ ಹೆಸರಿಲ್ಲ. ಯಾವ ಮದುವೆಗಾದರೂ ಅದೇ ಕೆಂಪು, ಹಸಿರು, ಹಳದಿ, ಕಪ್ಪು. ಹಾಗಿದ್ದ ಮೇಲೆ ಆರ್ಡರ್ ಬಂದ ಮೇಲೆ ಅವುಗಳಿಗಾಗಿ ಓಡುವುದೇಕೆ?

ಚನ್ನಪಟ್ಟಣದ ಅರಗು ಬಣ್ಣದ ಕಾಯಿಗಳನ್ನೇ ನೋಡಿ. ಆಲೆ ಮರವನ್ನು ಕಡಿದು ತಂದ ಕೂಡಲೇ ಲೇತ್‌ಗೆ ಹಾಕುವಂತಿಲ್ಲ, ಅದು ತಿಂಗಳುಗಟ್ಟಲೆ ಒಣಗಬೇಕು. ಒಣಗಿದ ತುಂಡನ್ನು ಲೇತ್‌ನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆಮೇಲೆ ತಾಳೆ ಗರಿಯಿಂದ ತಿಕ್ಕಿ ಮೆರುಗು ಕೊಡುತ್ತಾರೆ. ಒಂದೇ ಬಣ್ಣವನ್ನು ಒಟ್ಟಿಗೆ ಮಾಡಿಸಿದರೆ ಕೆಲಸ ಸರಾಗ. ಹತ್ತು ಸೆಟ್‌ಗೊಮ್ಮೆ ನಾಲ್ಕು ಬಣ್ಣ ಕೇಳಿದರೆ ಕಸುಬುದಾರರ ಹೊತ್ತೂ ಹಾಳು, ನಿಮ್ಮದೂ ಹಾಳು. ಒಣ ಮರ ಇದೆಯೇ ಎಂದು ವಿಚಾರಿಸದೆ ಯಾರಿಗೂ ದಿನಾಂಕ ಕೊಡಬೇಡಿ.

ಇದಕ್ಕೆ ಆಷಾಢದಂಥ ಕಾಲ ಇನ್ನೊಂದಿಲ್ಲ. ಮದುವೆ, ಗೃಹಪ್ರವೇಶಗಳು ನಿಂತು ಆರ್ಡರ್ ತಗ್ಗುವ ಆ ದಿನಗಳಲ್ಲಿ ಕಾಯಿ, ಕವಡೆ, ಚೀಲ, ಖಾಲಿ ಪೆಟ್ಟಿಗೆಗಳನ್ನು ತುಂಬಿಸಿಟ್ಟುಕೊಳ್ಳಿ. ಶ್ರಾವಣದಲ್ಲಿ ಗಿರಾಕಿ ಬಂದಾಗ ಬಾಕಿ ಇರುವುದು ಹಾಸಿನ ಮುದ್ರಣ ಮಾತ್ರ. ದಾಸ್ತಾನಿಗೆ ದುಡ್ಡು ಕಟ್ಟಿಕೊಳ್ಳುತ್ತದೆ, ನಿಜ. ಸಣ್ಣ ಘಟಕಕ್ಕೆ ಇಷ್ಟರ ಮಟ್ಟಿಗೆ ಅದು ಬೇಕಾದ ಖರ್ಚೇ.

ಆಯ್ಕೆಗಳಿಗೂ ಮಿತಿ ಇರಲಿ. ಎರಡು ಅಳತೆ, ಮೂರು ಅಂಚು, ನಾಲ್ಕು ಅಕ್ಷರ ವಿನ್ಯಾಸ ಸಾಕು. ‘ನೀವು ಕೇಳಿದ್ದೆಲ್ಲ ಮಾಡಿಕೊಡುತ್ತೇವೆ’ ಎಂಬ ಮಾತು ದಿನಾಂಕಕ್ಕೆ ಮುಳುವು.

ಒಣಗುವ ಹೊತ್ತನ್ನು ಕದಿಯಬೇಡಿ

ಮುದ್ರಿತ ಹಾಳೆಯನ್ನು ರಟ್ಟಿಗೆ ಅಂಟಿಸುವ ಹಂತದಲ್ಲಿ ಅವಸರ ಮಾಡಿದವರೇ ಹೆಚ್ಚು. ಅಂಟಿನ ತೇವದಿಂದ ಹಿಗ್ಗಿದ ಕಾಗದ ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತದೆ. ಹಾಸು ದೋಣಿಯಂತೆ ಬಾಗುತ್ತದೆ. ಹಿಂಬದಿಗೂ ಅಷ್ಟೇ ದಪ್ಪದ ಕಾಗದ ಅಂಟಿಸಿದರೆ ಎಳೆತ ಎರಡೂ ಕಡೆ ಸಮನಾಗುತ್ತದೆ. ಎರಡೂ ಕಾಗದದ ನಾರು ಒಂದೇ ದಿಕ್ಕಿಗಿರಲಿ. ಭಾರದಡಿ ಇಡೀ ಒಂದು ದಿನ ಇಡಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು, ಕರಾವಳಿಯಲ್ಲಿದ್ದರೆ ಇನ್ನೂ ಒಂದು ದಿನ ಸೇರಿಸಿ. ಈ ದಿನವನ್ನು ಪಟ್ಟಿಯಲ್ಲಿ ಮೊದಲೇ ಬರೆದಿಟ್ಟರೆ ಆಮೇಲೆ ಅದನ್ನು ಕಡಿತ ಮಾಡುವ ಆಸೆ ಹುಟ್ಟುವುದಿಲ್ಲ.

ಸಾಲಿನ ಉದ್ದ ಎಷ್ಟು?

ಕೈಯಲ್ಲಿರುವ ಆರ್ಡರ್‌ಗಳನ್ನು ವಾರಕ್ಕೆ ಮುಗಿಯುವ ಆರ್ಡರ್‌ಗಳಿಂದ ಭಾಗಿಸಿ. ನಲವತ್ತು ಬಾಕಿ ಇದ್ದು ವಾರಕ್ಕೆ ಐದು ಮುಗಿಯುತ್ತಿದ್ದರೆ, ಹೊಸದಾಗಿ ಬಂದವರಿಗೆ ಎಂಟು ವಾರ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲಿ ಗಣಿತದ ಪುರಾವೆಯೊಂದಿಗೆ ಪ್ರಕಟಿಸಿದ ಸೂತ್ರ ಇದು. ನೀವು ಎಷ್ಟೇ ಚುರುಕಾಗಿ ಕೆಲಸ ಮಾಡಿದರೂ ಈ ಭಾಗಾಕಾರ ಬದಲಾಗಬೇಕಾದರೆ ಬಾಕಿ ತಗ್ಗಬೇಕು, ಇಲ್ಲವೇ ವಾರಕ್ಕೆ ಮುಗಿಯುವ ಸಂಖ್ಯೆ ಏರಬೇಕು. ಆರ್ಡರ್ ಬೇಡ ಎನ್ನಬೇಕಾದ ದಿನವನ್ನು ಇದೇ ಲೆಕ್ಕ ಹೇಳುತ್ತದೆ.

ಜೊತೆಗೆ ಹಳೆಯ ಆರ್ಡರ್‌ಗಳ ದಾಖಲೆ ಬೇಕು. ಪ್ರತಿಯೊಂದಕ್ಕೂ ಒಪ್ಪಿಗೆಯಿಂದ ರವಾನೆಯವರೆಗೆ ಎಷ್ಟು ದಿನವಾಯಿತೆಂದು ಬರೆದಿಡಿ. ಇಪ್ಪತ್ತು ಸೇರಿದ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಹದಿನೆಂಟನೆಯ ಅಂಕಿಯನ್ನು ಗಿರಾಕಿಗೆ ಹೇಳಿ. ಸರಾಸರಿ ಹೇಳಿದರೆ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮಾತು ತಪ್ಪುತ್ತದೆ. ಹದಿನೆಂಟನೆಯದನ್ನು ಹೇಳಿದರೆ ಹತ್ತರಲ್ಲಿ ಒಂಬತ್ತು ಸಲ ಮಾತು ನಿಲ್ಲುತ್ತದೆ.

ಪಂಚಾಂಗ ಮತ್ತು ಪಾರ್ಸೆಲ್

ಆಯುಧಪೂಜೆಗೆ ಪ್ರೆಸ್ಸು, ಲೇತ್ ಎರಡೂ ನಿಲ್ಲುತ್ತವೆ. ಚನ್ನಪಟ್ಟಣದ ಕಸುಬುದಾರರಲ್ಲಿ ಮುಸ್ಲಿಮರು ಬಹಳ ಮಂದಿ ಇರುವುದರಿಂದ ರಂಜಾನ್, ಬಕ್ರೀದ್ ದಿನಗಳನ್ನೂ ಗುರುತು ಹಾಕಿಕೊಳ್ಳಿ. ದಸರೆಗೆ ಮುಂಚೆ ಅಲ್ಲಿ ಬೊಂಬೆಗಳ ಕೆಲಸ ಭರದಲ್ಲಿರುತ್ತದೆ. ವರ್ಷಾಂತ್ಯಕ್ಕೆ ಪ್ರೆಸ್ಸುಗಳು ಕ್ಯಾಲೆಂಡರ್, ಡೈರಿಗಳಲ್ಲಿ ಮುಳುಗಿರುತ್ತವೆ.

14 ವರ್ಷದೊಳಗಿನ ಮಕ್ಕಳಿಗೆಂದು ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳು ತಯಾರಿಸಿ ಮಾರುವವುಗಳಿಗೆ ವಿನಾಯಿತಿ ಇದೆ. ನಿಮಗೆ ಯಾವುದು ಅನ್ವಯವೆಂದು ಆರ್ಡರ್ ಹಿಡಿಯುವ ಮುನ್ನವೇ ತಿಳಿದುಕೊಳ್ಳಿ. ನಡುವೆ ಗೊತ್ತಾದರೆ ಯಾವ ದಿನಾಂಕವೂ ನಿಲ್ಲುವುದಿಲ್ಲ.

ರವಾನೆಯ ದಿನ, ತಲುಪುವ ದಿನ ಎರಡನ್ನೂ ಬೇರೆ ಬೇರೆಯಾಗಿ ಹೇಳಿ. ಮೊದಲನೆಯದು ನಿಮ್ಮ ಕೈಯಲ್ಲಿದೆ, ಎರಡನೆಯದು ಇಲ್ಲ. ಹಾಸನಕ್ಕೆ ಕಳಿಸುವುದೂ ನ್ಯೂಜೆರ್ಸಿಯ ಮಗಳ ಮನೆಗೆ ಕಳಿಸುವುದೂ ಒಂದೇ ಅಲ್ಲ. ವಿದೇಶದ ಪಾರ್ಸೆಲ್ ಕಸ್ಟಮ್ಸ್ ದಾಟಬೇಕು. ಸಮಾರಂಭದ ಹಿಂದಿನ ದಿನವನ್ನು ತಲುಪುವ ದಿನವೆಂದು ಎಂದೂ ಬರೆಯಬೇಡಿ, ಒಂದು ವಾರ ಮೊದಲು ಬರಲಿ. ಅಷ್ಟಾದರೂ ಯಾವುದೋ ಹಂತ ಜಾರಿದರೆ, ಜಾರಿದ ದಿನವೇ ಫೋನ್ ಮಾಡಿ ಹೊಸ ದಿನಾಂಕ ಕೊಡಿ. ನೂರರಲ್ಲಿ ಅರವತ್ತು ಸೆಟ್ ಸಿದ್ಧವಿದ್ದರೆ ಅಷ್ಟನ್ನು ಮೊದಲು ಕಳಿಸಲೇ ಎಂದು ಅದೇ ಕರೆಯಲ್ಲಿ ಕೇಳಿ.